ಟ್ರಕ್ ಕ್ಯಾಂಪರ್‌ನ ಅಟ್ಟದ ಹಾಸಿಗೆ: ಮಂಡಿ, ಸೊಂಟ ನೋವಿರುವವರು ಹತ್ತಿ ಇಳಿಯೋದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಾವಿರುವುದು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಸಿಯಾಟಲ್ ಹತ್ತಿರ. ಪಿಕಪ್ ಟ್ರಕ್‌ನ ಬೆನ್ನ ಮೇಲೆ ಕೂರಿಸುವ ಕ್ಯಾಂಪರ್ ಒಂದನ್ನು ಇಟ್ಟುಕೊಂಡಿದ್ದೇವೆ. ನನಗೆ 61. ಎಡ ಮಂಡಿ ಪೂರ್ತಿ ಸವೆದಿದೆ. ನಮ್ಮ ಯಜಮಾನರಿಗೆ ಬಲಗಡೆ ಹಿಪ್ ರಿಪ್ಲೇಸ್‌ಮೆಂಟ್ ಆಗಿದೆ. ಹಾಸನದಿಂದ ಅಮ್ಮ ಬಂದಾಗ ಅವರನ್ನೂ ಕರೆದುಕೊಂಡು ಹೋಗಿದ್ದೆವು. ಅಪ್ಪ ಅಮ್ಮನನ್ನು ಕರೆಸಿಕೊಂಡವರು, ಇಲ್ಲೇ ವಯಸ್ಸಾಗುತ್ತಿರುವ ನನ್ನಂಥವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿದ್ದೇನೆ.

ಹಾಸಿಗೆ ಹತ್ತೋದು ಅಷ್ಟು ದೊಡ್ಡ ವಿಷಯ ಯಾಕೆ?

ಟ್ರಕ್ ಕ್ಯಾಂಪರ್‌ನಲ್ಲಿ ಮಲಗುವ ಜಾಗ ಇರುವುದು ಡ್ರೈವರ್ ಕೂರುವ ಕ್ಯಾಬಿನ್ ಮೇಲೆ. ಅದಕ್ಕೆ ಕ್ಯಾಬ್‌ಓವರ್ ಅನ್ನುತ್ತಾರೆ. ನಾವು ಮನೆಯಲ್ಲಿ ಅಟ್ಟ ಅನ್ನುತ್ತೇವೆ, ಯಾಕೆಂದರೆ ಅದು ಅಟ್ಟವೇ. ಒಳಗಿನ ನೆಲದಿಂದ ಹಾಸಿಗೆ ಮೇಲ್ಭಾಗಕ್ಕೆ ನಮ್ಮದರಲ್ಲಿ 41 ಇಂಚು ಇತ್ತು. ಅಂದರೆ ಅಡುಗೆಮನೆ ಕಟ್ಟೆಗಿಂತ ಎತ್ತರ. ಅದರ ಮೇಲೆ ಸೂರಿಗೆ ಮೂರು ಅಡಿಗಿಂತ ಸ್ವಲ್ಪ ಜಾಸ್ತಿ ಜಾಗ, ಅಷ್ಟೇ. ಎದ್ದು ನಿಲ್ಲುವ ಹಾಗಿಲ್ಲ. ಮೂರು ಕಡೆ ಗೋಡೆ, ಒಂದೇ ಕಡೆ ದಾರಿ.

ಅಮ್ಮ ಮೊದಲ ಸಲ ನೋಡಿದ ಕೂಡಲೇ, "ಇದೇನೇ, ರೈಲಲ್ಲಿ ಮೇಲಿನ ಬರ್ತ್ ಕೊಟ್ಟ ಹಾಗಾಯ್ತಲ್ಲ" ಅಂದರು. ಸರಿಯಾಗೇ ಹೇಳಿದರು. ಆದರೆ ರೈಲಲ್ಲಿ ಯಾರಾದರೂ ಕೆಳಗಿನ ಬರ್ತ್ ಬಿಟ್ಟುಕೊಡುತ್ತಾರೆ. ಇಲ್ಲಿ ನಾವೇ ಏರ್ಪಾಡು ಮಾಡಿಕೊಳ್ಳಬೇಕು.

ಕ್ಯಾಂಪರ್ ಕೊಳ್ಳೋ ಮುಂಚೆ ಏನು ಅಳೆಯಬೇಕು?

ಟೇಪ್ ತಗೊಂಡು ಮೂರು ಅಳತೆ ಬರೆದುಕೊಳ್ಳಿ. ನೆಲದಿಂದ ಹಾಸಿಗೆ ಮೇಲಕ್ಕೆ ಎಷ್ಟು, ಹಾಸಿಗೆಯಿಂದ ಸೂರಿಗೆ ಎಷ್ಟು, ಮತ್ತು ಹಾಸಿಗೆ ಅಂಚಿನ ಮುಂದೆ ಮೆಟ್ಟಿಲು ಇಡುವುದಕ್ಕೆ ನೆಲದಲ್ಲಿ ಎಷ್ಟು ಜಾಗ ಇದೆ ಅಂತ.

ಇನ್ನೊಂದು ಅಳತೆ ಮನೆಯಲ್ಲೇ ಸಿಗುತ್ತದೆ. ನೀವು ಯಾವ ಕುರ್ಚಿಯಿಂದ ಕೈ ಊರದೆ, ಮಂಡಿ ನೋಯದೆ ಏಳುತ್ತೀರೋ ಅದರ ಎತ್ತರ ನೋಡಿ. ನನಗೆ ಅದು 19 ಇಂಚು. ನಮ್ಮ ಕ್ಯಾಂಪರ್‌ನಲ್ಲಿ ಆಮೇಲೆ ಮಾಡಿದ್ದೆಲ್ಲ ಈ 19 ಇಂಚನ್ನು ಹಿಡಿದುಕೊಂಡೇ.

ಅಂಗಡಿಯಲ್ಲಿ ನಾಚಿಕೊಳ್ಳಬೇಡಿ. ಚಪ್ಪಲಿ ಬಿಟ್ಟು ಮೇಲೆ ಹತ್ತಿ, ಮಲಗಿ, ಹತ್ತು ನಿಮಿಷ ಬಿಟ್ಟು ಇಳಿಯಿರಿ. ಮಾರುವವರು ಪಕ್ಕದಲ್ಲಿ ನಿಂತಿದ್ದಾರೆ ಅಂತ ಅವಸರ ಮಾಡಿದರೆ ನಿಮಗೆ ನಿಜ ಗೊತ್ತಾಗುವುದಿಲ್ಲ.

ಕ್ಯಾಂಪರ್ ಜೊತೆಗೇ ಒಂದು ಏಣಿ ಬರುತ್ತಲ್ವಾ, ಅದು ಸಾಕಾಗಲ್ವಾ?

ಆರೋಗ್ಯವಾಗಿರುವವರಿಗೆ ಸಾಕು. ನನಗೆ ಸಾಕಾಗಲಿಲ್ಲ. ಸಣ್ಣ ಏಣಿಯ ಅಡ್ಡಪಟ್ಟಿ ಬರಿಗಾಲಿಗೆ ಒತ್ತುತ್ತದೆ, ಪಾದ ಪೂರ್ತಿ ಊರುವುದಿಲ್ಲ. ನಿದ್ದೆಗಣ್ಣಲ್ಲಿ ಇಳಿಯುವಾಗ ಅದು ಎಲ್ಲಿದೆ ಅಂತ ಕಾಲಲ್ಲೇ ತಡಕಾಡಬೇಕು.

ನಾವು ಮಾಡಿದ್ದು ಹೀಗೆ. ಮೊದಲು 6 ಇಂಚಿನ ಹಾಸಿಗೆ ತೆಗೆದು 4 ಇಂಚಿನ ಗಟ್ಟಿ ಫೋಮ್ ಹಾಕಿದೆವು. ಅಲ್ಲಿಗೇ 2 ಇಂಚು ಉಳಿಯಿತು, ಎತ್ತರ 39ಕ್ಕೆ ಇಳಿಯಿತು. ಆಮೇಲೆ ಮುಕ್ಕಾಲು ಇಂಚಿನ ಪ್ಲೈವುಡ್‌ನಲ್ಲಿ ಮೆಟ್ಟಿಲಿನ ಆಕಾರದ ಪೆಟ್ಟಿಗೆ ಮಾಡಿಸಿದೆವು. ಮೊದಲ ಮೆಟ್ಟಿಲು 7 ಇಂಚು, ಎರಡನೆಯದು 14, ಮೇಲಿನ ಜಗಲಿ 20. ಈ ಜಗಲಿ ಮೇಲೆ ನಿಂತು ತಿರುಗಿದರೆ ಹಾಸಿಗೆ ಅಂಚು ಸರಿಯಾಗಿ 19 ಇಂಚು, ಅಂದರೆ ನನ್ನ ಕುರ್ಚಿಯ ಎತ್ತರ. ಮಂಡಿ ಊರಿ ತೆವಳುವ ಕೆಲಸವೇ ಇಲ್ಲ. ಕೂರುತ್ತೇನೆ, ಅಷ್ಟೇ.

ಜಗಲಿ ಮೇಲೆ ಎರಡೂ ಪಾದ ಪಕ್ಕಪಕ್ಕ ಇಟ್ಟು ತಿರುಗುವಷ್ಟು ಜಾಗ ಬೇಕು, ಇದನ್ನು ಕಡಿಮೆ ಮಾಡಬೇಡಿ. ಮೆಟ್ಟಿಲು ಅಂಚಿಗೆ ಒರಟು ಟೇಪ್ ಅಂಟಿಸಿ. ಪೆಟ್ಟಿಗೆ ತಳಕ್ಕೆ ರಬ್ಬರ್ ಹಾಕಿ, ಚಕ್ರ ಮಾತ್ರ ಹಾಕಬೇಡಿ. ಗಾಡಿ ಹೊರಟಾಗ ಪೆಟ್ಟಿಗೆ ಜಾರದ ಹಾಗೆ ಬೆಲ್ಟ್ ಕಟ್ಟಿ. ಒಳಗಿನ ಟೊಳ್ಳು ಜಾಗದಲ್ಲಿ ನಾವು ಬೆಡ್‌ಶೀಟ್, ಅವಲಕ್ಕಿ, ಪುಳಿಯೋಗರೆ ಪುಡಿ ಡಬ್ಬ ಎಲ್ಲ ಇಡುತ್ತೇವೆ, ಹಾಗಾಗಿ ಜಾಗ ಹೋಯಿತು ಅಂತ ಅನಿಸುವುದಿಲ್ಲ.

ಕೆಲವರು ಡೈನೆಟ್, ಅಂದರೆ ಊಟದ ಮೇಜಿನ ಪಕ್ಕದ ಸೀಟ್ ಮೇಲೆ ಕಾಲಿಟ್ಟು ಹತ್ತುತ್ತಾರೆ. ಹಾಗೆ ಮಾಡುವುದಾದರೆ ಮೇಲಿನ ಕುಶನ್ ತೆಗೆದುಬಿಡಿ. ಮೆತ್ತನೆ ಜಾಗದಲ್ಲಿ ಪಾದ ಹೊರಳುತ್ತದೆ.

ಸರಿ, ಹತ್ತೋದು ಹೇಗೆ ಅಂತ ಹಂತ ಹಂತವಾಗಿ ಹೇಳಿ.

ಮೆಟ್ಟಿಲಿಗೆ ಒಂದು ನಿಯಮ ಇದೆ, ಫಿಸಿಯೋಥೆರಪಿಯಲ್ಲಿ ಎಲ್ಲರಿಗೂ ಹೇಳಿಕೊಡುತ್ತಾರೆ. ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿರುವ ಕಾಲು ಮೊದಲು. ನನಗೆ ಬಲಗಾಲು ಗಟ್ಟಿ, ಹಾಗಾಗಿ ಬಲಗಾಲಿಟ್ಟು ಹತ್ತುತ್ತೇನೆ. ಒಂದೊಂದು ಮೆಟ್ಟಿಲಿಗೂ ಎರಡು ಪಾದ ಸೇರಿಸಿ ಆಮೇಲೆ ಮುಂದಿನದು.

ಜಗಲಿ ಮೇಲೆ ನಿಂತ ಮೇಲೆ ಒಂದು ಕೈಯಲ್ಲಿ ಹಿಡಿಕೆ ಹಿಡಿದು ಪುಟ್ಟ ಪುಟ್ಟ ಹೆಜ್ಜೆಯಲ್ಲಿ ತಿರುಗಿ. ಪಾದ ಅಲ್ಲೇ ಊರಿ ಸೊಂಟ ಮಾತ್ರ ತಿರುಗಿಸಬೇಡಿ, ಮಂಡಿಗೂ ಸೊಂಟಕ್ಕೂ ಅದು ಕೆಟ್ಟದ್ದು. ಮಂಡಿಯ ಹಿಂಭಾಗಕ್ಕೆ ಹಾಸಿಗೆ ತಾಗಿದ್ದು ಗೊತ್ತಾದ ಮೇಲೆ ಕೂರಿ. ತಲೆ ಬಗ್ಗಿಸಿರಿ, ನಿಂತಾಗ ಸೂರು ತುಂಬ ಹತ್ತಿರ ಇರುತ್ತದೆ. ನಾನು ಐದಡಿ ಒಂದಿಂಚು, ನನಗೇ ಸ್ವಲ್ಪ ಬಗ್ಗಬೇಕು. ಕೂತ ಮೇಲೆ ಅಂಗೈ ಊರಿ ಹಿಂದಕ್ಕೆ ಸರಿಯುತ್ತಾ ಹೋಗಿ. ಕಾಲು ಕೊನೆಗೆ ಒಳಗೆ ಬರಲಿ.

ಸರಿಯುವುದು ಕಷ್ಟವಾದರೆ ಒಂದು ಉಪಾಯ ಇದೆ. ಅಮ್ಮನ ಹಳೆಯ ಆರ್ಟ್ ಸಿಲ್ಕ್ ಸೀರೆಯನ್ನು ನಾಲ್ಕು ಮಡಿಕೆ ಮಾಡಿ, ಸೊಂಟ ಬರುವ ಜಾಗದಲ್ಲಿ ಬೆಡ್‌ಶೀಟ್ ಮೇಲೆ ಹಾಸಿ ಎರಡೂ ತುದಿ ಹಾಸಿಗೆ ಕೆಳಗೆ ಸಿಕ್ಕಿಸಿದ್ದೇನೆ. ಕಾಟನ್ ನೈಟಿ ಅದರ ಮೇಲೆ ಸಲೀಸಾಗಿ ಜಾರುತ್ತದೆ. ಆದರೆ ಅಂಚಿನಿಂದ ಒಂದು ಅಡಿ ದೂರ ಬರೀ ಕಾಟನ್ ಇರಲಿ. ಅಂಚಿನಲ್ಲಿ ಜಾರುವ ಬಟ್ಟೆ ಇದ್ದರೆ ಕೂತ ಹಾಗೇ ಕೆಳಗೆ ಬರುತ್ತೀರಿ.

ಇಳಿಯೋದಕ್ಕೇ ನನಗೆ ಭಯ. ಏನು ಮಾಡಲಿ?

ಭಯ ನ್ಯಾಯವಾದದ್ದೇ. ಹತ್ತುವಾಗ ಎಚ್ಚರ ಇರುತ್ತದೆ, ದೀಪ ಇರುತ್ತದೆ, ಪಕ್ಕದಲ್ಲಿ ಜನ ಇರುತ್ತಾರೆ. ಇಳಿಯುವುದು ನಡುರಾತ್ರಿ, ಕೀಲು ಮರಗಟ್ಟಿರುವಾಗ, ಅವಸರದಲ್ಲಿ. ನಾನು ಯಾರಿಗೆ ಹೇಳಿದರೂ ಇದನ್ನೇ ಹೇಳುತ್ತೇನೆ: ಹತ್ತೋದನ್ನು ನೋಡಿ ತೀರ್ಮಾನ ಮಾಡಬೇಡಿ, ಇಳಿಯೋದನ್ನು ನೋಡಿ.

ಎಚ್ಚರವಾದ ಕೂಡಲೇ ಏಳಬೇಡಿ. ಮಲಗಿದಲ್ಲೇ ಪಾದ ಮೇಲೆ ಕೆಳಗೆ ಹತ್ತಿಪ್ಪತ್ತು ಸಲ ಆಡಿಸಿ, ಮಂಡಿ ಒಂದೆರಡು ಸಲ ಮಡಿಸಿ ಬಿಚ್ಚಿ. ಆಮೇಲೆ ಪಕ್ಕಕ್ಕೆ ಹೊರಳಿ. ಬೆನ್ನು ನೋವಿದ್ದವರು ಭುಜ, ಸೊಂಟ, ಮಂಡಿ ಮೂರೂ ಒಟ್ಟಿಗೆ, ಮರದ ದಿಮ್ಮಿ ಉರುಳಿಸಿದ ಹಾಗೆ ಹೊರಳಬೇಕು. ಕೈ ಒತ್ತಿ ಎದ್ದು ಅಂಚಿನಲ್ಲಿ ಕೂತು ಪಾದಗಳನ್ನು ಜಗಲಿ ಮೇಲೆ ಇಡಿ. ಒಂದೆರಡು ನಿಮಿಷ ಹಾಗೇ ಕೂತಿರಿ. ಬಿಪಿ ಮಾತ್ರೆ ತಗೊಳ್ಳುವವರಿಗೆ ಎದ್ದ ತಕ್ಷಣ ತಲೆ ಸುತ್ತುವುದು ಮಾಮೂಲು. ಆ ಸುತ್ತು ಕೂತಿರುವಾಗಲೇ ಬಂದು ಹೋಗಲಿ.

ಆಮೇಲೆ ಹಿಡಿಕೆ ಹಿಡಿದು ನಿಂತು, ಹಾಸಿಗೆ ಕಡೆ ಮುಖ ಮಾಡಿ, ಹಿಮ್ಮುಖವಾಗಿ, ನೋವಿರುವ ಕಾಲು ಮೊದಲಿಟ್ಟು ಇಳಿಯಿರಿ. ನನಗೆ ಇದೇ ಸರಿ ಬಂದಿದೆ, ಎರಡೂ ಕೈಗೆ ಏನಾದರೂ ಹಿಡಿಯುವುದಕ್ಕೆ ಸಿಗುತ್ತದೆ.

ಜಗಲಿ ಇಲ್ಲ, ಬರೀ ಏಣಿ ಇದೆ ಅನ್ನುವವರು ಬೋರಲು ಮಲಗಿ, ಕಾಲು ಹೊರಗೆ ಬಿಟ್ಟು, ಹೊಟ್ಟೆಯ ಮೇಲೆ ನಿಧಾನ ಜಾರುತ್ತಾ ಪಾದಕ್ಕೆ ಮೆಟ್ಟಿಲು ಸಿಗುವವರೆಗೂ ಬರಬಹುದು. ಮುಖ ಮುಂದೆ ಮಾಡಿ ನೆಗೆಯುವುದಕ್ಕಿಂತ ಸಾವಿರ ಪಾಲು ಮೇಲು. ಹಿಪ್ ಆಪರೇಷನ್ ಆದವರು ಮಾತ್ರ ಫಿಸಿಯೋ ಅವರನ್ನು ಕೇಳದೆ ಇದನ್ನು ಮಾಡಬೇಡಿ.

ಹಿಡಿಕೆ ಎಲ್ಲಿ, ಹೇಗೆ ಹಾಕಿಸಬೇಕು?

ಒಂದು ನೆಟ್ಟಗಿನ ಹಿಡಿಕೆ ಹಾಸಿಗೆ ಅಂಚಿನ ಪಕ್ಕದ ಗೋಡೆಗೆ, ನಿಂತಾಗಲೂ ಕೂತಾಗಲೂ ಕೈಗೆ ಸಿಗುವಷ್ಟು ಉದ್ದ. ಇನ್ನೊಂದು ಎದುರು ಬದಿಯ ಕಪಾಟಿಗೆ. ಎರಡು ಸಾಕು.

ಹೇಗೆ ಹಾಕಿಸುತ್ತೀರಿ ಅನ್ನುವುದು ಮುಖ್ಯ. ಕ್ಯಾಂಪರ್ ಗೋಡೆ ಮನೆ ಗೋಡೆ ಅಲ್ಲ. ತೆಳ್ಳನೆಯ ಹಲಗೆ, ಅದರ ಹಿಂದೆ ಫೋಮ್, ಅಲ್ಲಲ್ಲಿ ಮಾತ್ರ ಅಲ್ಯೂಮಿನಿಯಂ ಅಥವಾ ಮರದ ಚೌಕಟ್ಟು. ನಮಗೆ ಮೊದಲು ಒಂದು ಅಂಗಡಿಯವರು ಸಣ್ಣ ಸ್ಕ್ರೂನಲ್ಲಿ ಬರೀ ಹಲಗೆಗೇ ಹಿಡಿಕೆ ಕೂರಿಸಿ ಕೊಟ್ಟಿದ್ದರು. ಮೂರನೇ ರಾತ್ರಿ ನನ್ನ ಭಾರ ಬಿದ್ದ ಕೂಡಲೇ ಹಿಡಿಕೆ ಸ್ಕ್ರೂ ಸಮೇತ ಕೈಗೆ ಬಂತು. ಬೆಳ್ಳಗಿನ ಫೋಮ್ ಪುಡಿ ಮೆಟ್ಟಿಲ ಮೇಲೆಲ್ಲ ಉದುರಿತ್ತು. ಯಜಮಾನರು ಕೆಳಗೆ ನಿಂತಿದ್ದಕ್ಕೆ ಭುಜಕ್ಕೆ ಆತುಕೊಂಡೆ. ಇಲ್ಲದಿದ್ದರೆ ಏನಾಗುತ್ತಿತ್ತೋ.

ಈಗಿನದನ್ನು ಕಪಾಟಿನ ಮರದ ಚೌಕಟ್ಟಿಗೆ ಆರಪಾರ ಬೋಲ್ಟ್ ಹಾಕಿ, ಹಿಂದೆ ಪ್ಲೈವುಡ್ ತುಂಡು ಕೊಟ್ಟು ಬಿಗಿಸಿದ್ದೇವೆ. ಅಮೆರಿಕದಲ್ಲಿ ಸಾರ್ವಜನಿಕ ಶೌಚಾಲಯದ ಹಿಡಿಕೆ 250 ಪೌಂಡ್ ಬಲ ತಡೆಯಬೇಕು, ಗೋಡೆಗೂ ಹಿಡಿಕೆಗೂ ಒಂದೂವರೆ ಇಂಚು ಅಂತರ ಇರಬೇಕು ಅನ್ನುವ ನಿಯಮ ಇದೆ. ಕ್ಯಾಂಪರ್‌ಗೆ ಆ ನಿಯಮ ಅನ್ವಯಿಸುವುದಿಲ್ಲ, ಆದರೂ ನೀವು ಅದನ್ನೇ ಅಳತೆಯಾಗಿ ಇಟ್ಟುಕೊಳ್ಳಿ. ಕೊರೆಯುವ ಮುಂಚೆ ಗೋಡೆ ಹಿಂದೆ ವೈರ್ ಇದೆಯಾ ಅಂತ ನೋಡಿಸಿ. ಟವೆಲ್ ಹಾಕುವ ಸರಳು ಹಿಡಿಕೆ ಅಲ್ಲ. ಗಾಳಿ ಒತ್ತಿ ಅಂಟಿಸುವ ಹಿಡಿಕೆಗಳನ್ನು ನಂಬಿ ಭಾರ ಬಿಡಬೇಡಿ.

ಹಾಸಿಗೆ ಅಡ್ಡ ಇದ್ದರೆ ಒಳ್ಳೆಯದಾ, ಉದ್ದ ಇದ್ದರಾ?

ಅಡ್ಡ ಹಾಸಿಗೆ ಅಂದರೆ ಟ್ರಕ್‌ನ ಅಗಲಕ್ಕೆ ಮಲಗುವುದು. ಅಂಚಿನ ಕಡೆ ಮಲಗಿದವರಿಗೆ ಸ್ವರ್ಗ, ಒಳಗಡೆ ಮಲಗಿದವರು ಇನ್ನೊಬ್ಬರನ್ನು ದಾಟಿ ಬರಬೇಕು. ಉದ್ದ ಹಾಸಿಗೆಯಲ್ಲಿ ಯಾರೂ ಯಾರನ್ನೂ ದಾಟಬೇಕಿಲ್ಲ. ತಲೆ ಮುಂದೆ, ಕಾಲು ಅಂಚಿನ ಕಡೆ ಇಟ್ಟು ಮಲಗಿದರೆ, ಎದ್ದು ಕೂತು ನೇರ ಮುಂದಕ್ಕೆ ಸರಿದು ಬಂದರೆ ಆಯಿತು. ತಿರುಗುವ ಕೆಲಸವೇ ಇಲ್ಲ. ಇಬ್ಬರಿಗೂ ನೋವಿದ್ದರೆ ಉದ್ದ ಹಾಸಿಗೆಯ ಕ್ಯಾಂಪರ್ ಹುಡುಕಿ. ನಮ್ಮದು ಅಡ್ಡ, ಹಾಗಾಗಿ ರಾತ್ರಿ ಎರಡು ಸಲ ಏಳುವ ನಾನು ಅಂಚಿಗೆ.

ಹಿಪ್ ಅಥವಾ ಮಂಡಿ ಆಪರೇಷನ್ ಆಗಿ ಎಷ್ಟು ದಿನಕ್ಕೆ ಹತ್ತಬಹುದು?

ಸರ್ಜನ್ ಹೇಳಿದಾಗ. ಇದರಲ್ಲಿ ನನ್ನ ಮಾತು, ಪಕ್ಕದ ಮನೆಯವರ ಮಾತು ಯಾವುದೂ ಬೇಡ. ಹಿಪ್ ಬದಲಾಯಿಸಿದಾಗ, ಅದರಲ್ಲೂ ಹಿಂದಿನಿಂದ ಕೊಯ್ದು ಮಾಡಿದ್ದಾದರೆ, ಸೊಂಟವನ್ನು 90 ಡಿಗ್ರಿಗಿಂತ ಜಾಸ್ತಿ ಬಗ್ಗಿಸಬಾರದು, ಕಾಲ ಮೇಲೆ ಕಾಲು ಹಾಕಬಾರದು, ಕಾಲನ್ನು ಒಳಕ್ಕೆ ತಿರುಗಿಸಬಾರದು ಅಂತ ಸಾಮಾನ್ಯವಾಗಿ ಕೆಲವು ವಾರ ಹೇಳುತ್ತಾರೆ. ತಗ್ಗು ಸೂರಿನ ಅಟ್ಟಕ್ಕೆ ತೆವಳುವಾಗ ಈ ಮೂರೂ ತಪ್ಪು ಒಟ್ಟಿಗೆ ಆಗುತ್ತವೆ. ಯಜಮಾನರು ಆ ವರ್ಷ ಕ್ಯಾಂಪರ್ ಕಡೆ ತಲೆ ಹಾಕಲಿಲ್ಲ. ಮುಂದಿನ ವರ್ಷವೂ ಬೆಟ್ಟಗುಡ್ಡ ಅಲ್ಲೇ ಇತ್ತು. ಡಾಕ್ಟರ್ ಹತ್ತಿರ ಹೋಗುವಾಗ ಹಾಸಿಗೆಯ ಫೋಟೋ, ಅಳತೆ ತಗೊಂಡು ಹೋಗಿ ತೋರಿಸಿ. ಬರೀ "ಕ್ಯಾಂಪಿಂಗ್ ಹೋಗಬಹುದಾ" ಅಂತ ಕೇಳಿದರೆ ಅವರು ಟೆಂಟ್ ಅಂದುಕೊಳ್ಳುತ್ತಾರೆ.

ರಾತ್ರಿ ಒಂದಕ್ಕೆ ಹೋಗಬೇಕಾದರೆ?

ಎಲ್ಲರೂ ಕೊನೆಗೆ ಮೆತ್ತಗೆ ಕೇಳುವ ಪ್ರಶ್ನೆ ಇದು. ಮೆತ್ತಗೆ ಕೇಳಬೇಕಾದ್ದೇನಿಲ್ಲ, ಎಲ್ಲರಿಗೂ ಇರುವುದೇ.

ಮೆಟ್ಟಿಲ ಕೆಳಗೆ, ಬಾತ್‌ರೂಮ್ ಬಾಗಿಲ ಹತ್ತಿರ, ಯಾರಾದರೂ ಅಲುಗಿದರೆ ತಾನಾಗೇ ಹತ್ತಿಕೊಳ್ಳುವ ಬ್ಯಾಟರಿ ದೀಪ ಅಂಟಿಸಿ. ಹಳದಿ ಬೆಳಕಿನದು ತಗೊಳ್ಳಿ, ಕಣ್ಣು ಚುಚ್ಚುವುದಿಲ್ಲ. ಬರಿಗಾಲಲ್ಲಿ ಇಳಿಯಿರಿ ಅಥವಾ ತಳಕ್ಕೆ ರಬ್ಬರ್ ಚುಕ್ಕಿ ಇರುವ ಸಾಕ್ಸ್ ಹಾಕಿ. ಬರೀ ಉಣ್ಣೆ ಸಾಕ್ಸ್ ಪ್ಲೈವುಡ್ ಮೇಲೆ ಎಣ್ಣೆ ಹಚ್ಚಿದ ಹಾಗೆ ಜಾರುತ್ತದೆ. ಉದ್ದ ನೈಟಿ ಬೇಡ. ಹಿಮ್ಮುಖ ಇಳಿಯುವಾಗ ಅದರ ಅಂಚು ಹಿಮ್ಮಡಿಗೆ ಸಿಕ್ಕಿಕೊಳ್ಳುತ್ತದೆ. ನಾನು ಮೊಣಕಾಲವರೆಗಿನದನ್ನೇ ಹಾಕುತ್ತೇನೆ.

ಇಳಿಯುವುದನ್ನೇ ತಪ್ಪಿಸಬೇಕು ಅನ್ನುವವರಿಗೆ ಮುಚ್ಚಳ ಇರುವ ಯೂರಿನ್ ಬಾಟಲ್ ಇದೆ, ಹೆಂಗಸರಿಗೆ ಬೇರೆ ಆಕಾರದ್ದೂ ಸಿಗುತ್ತದೆ. ಒಳಗೆ ಜೆಲ್ ಇರುವ ಚೀಲಗಳೂ ಬರುತ್ತವೆ, ಚೆಲ್ಲುವ ಭಯ ಇಲ್ಲ. ನೀರು ಇಳಿಸುವ ಮಾತ್ರೆ ತಗೊಳ್ಳುವವರು, ಅದನ್ನು ಬೆಳಗ್ಗೆ ತಗೊಳ್ಳಬಹುದಾ ಅಂತ ಡಾಕ್ಟರನ್ನು ಕೇಳಿ. ನೀರು ಕುಡಿಯೋದನ್ನೇ ಬಿಡಬೇಡಿ. ಅಮ್ಮ ಹಾಗೆ ಮಾಡಿ ಮಾರನೇ ದಿನ ತಲೆ ಸುತ್ತು ಬಂದು ಕೂತಿದ್ದರು.

ಒಬ್ಬರು ನಡೆದರೆ ಇಡೀ ಕ್ಯಾಂಪರ್ ತೂಗುತ್ತೆ. ಆಗ ಇಳಿಯುವಾಗ ತೊಂದರೆ ಆಗಲ್ವಾ?

ಆಗುತ್ತದೆ. ಟ್ರಕ್ ಸ್ಪ್ರಿಂಗ್ ಮೇಲೆ ನಿಂತಿರುತ್ತದಲ್ವಾ. ಜಾಗಕ್ಕೆ ಹೋದ ಮೇಲೆ ಕ್ಯಾಂಪರ್‌ನ ನಾಲ್ಕು ಮೂಲೆಯ ಜ್ಯಾಕ್ ಕಾಲುಗಳನ್ನು ನೆಲಕ್ಕೆ ತಾಗುವಷ್ಟು ಮಾತ್ರ ಇಳಿಸುತ್ತೇವೆ, ಕ್ಯಾಂಪರನ್ನು ಎತ್ತುವುದಿಲ್ಲ. ನಿಮ್ಮ ಕ್ಯಾಂಪರ್‌ನ ಪುಸ್ತಕದಲ್ಲಿ ಇದಕ್ಕೆ ಒಪ್ಪಿಗೆ ಇದೆಯಾ ನೋಡಿಕೊಳ್ಳಿ. ಟ್ರಕ್ ಮಟ್ಟವಾಗಿ ನಿಂತಿರಬೇಕು. ಒಬ್ಬರು ಮೆಟ್ಟಿಲ ಮೇಲಿದ್ದಾಗ ಇನ್ನೊಬ್ಬರು ಅಲುಗಾಡಬಾರದು, ಇದು ನಮ್ಮ ಮನೆಯ ನಿಯಮ.

ಇಂಡಿಯಾದಿಂದ ಬಂದ ಅಪ್ಪ ಅಮ್ಮನನ್ನು ಅಟ್ಟದ ಮೇಲೆ ಮಲಗಿಸಬಹುದಾ?

ಬೇಡ. ಡೈನೆಟ್ ಅಂದರೆ ಊಟದ ಮೇಜು, ಎರಡು ಬದಿ ಸೀಟು. ಮೇಜು ಕೆಳಗಿಳಿಸಿ ಕುಶನ್ ಜೋಡಿಸಿದರೆ ಹಾಸಿಗೆ ಆಗುತ್ತದೆ. ಎತ್ತರ ಮಾಮೂಲಿ ಮಂಚದಷ್ಟೇ. ಕುಶನ್‌ಗಳ ಸಂದಿ ಬೆನ್ನಿಗೆ ಒತ್ತುತ್ತದೆ, ಅದಕ್ಕೆ ಮೇಲೊಂದು ಎರಡಿಂಚಿನ ಫೋಮ್ ಹಾಸಿ. ಕೆಲವು ಡೈನೆಟ್ ಐದೂವರೆ ಅಡಿ ಕೂಡ ಇರುವುದಿಲ್ಲ, ಅಳೆದು ನೋಡಿ.

ನಾವು ಅಮ್ಮನನ್ನು ಒಲಿಂಪಿಕ್ ನ್ಯಾಷನಲ್ ಪಾರ್ಕ್‌ನ ಕಲೇಲಾಕ್‌ಗೆ ಕರೆದುಕೊಂಡು ಹೋಗಿದ್ದೆವು. ಕ್ಯಾಂಪ್‌ಗ್ರೌಂಡ್ ಇರುವುದು ಪೆಸಿಫಿಕ್ ಸಮುದ್ರದ ದಿಬ್ಬದ ಮೇಲೆ. ರಾತ್ರಿಯೆಲ್ಲ ಸೂರಿನ ಮೇಲೆ ಮಳೆ. ಕೌದಿ ಹೊದ್ದು ಡೈನೆಟ್ ಮೇಲೆ ಮಲಗಿದ್ದ ಅಮ್ಮ ಬೆಳಗಿನ ಜಾವ ತಾವೇ ಎದ್ದು, ಕಿಟಕಿಯ ಪರದೆ ಸರಿಸಿ, ಗಾಜು ಒರೆಸಿ ಸಮುದ್ರ ನೋಡುತ್ತಾ ಕೂತಿದ್ದರು. ನಾನು ಮೇಲಿನಿಂದ ಬಗ್ಗಿ ನೋಡಿದೆ. ಯಾರನ್ನೂ ಎಬ್ಬಿಸದೆ, ಯಾರ ಕೈಯನ್ನೂ ಹಿಡಿಯದೆ ಅವರು ಎದ್ದಿದ್ದರು.

ಮೇಜು ಹಾಸಿಗೆ ಆದರೆ ಕಾಫಿ ಎಲ್ಲಿ ಕುಡಿಯೋದು ಅಂತ ಕೇಳುತ್ತಾರೆ. ಮಡಚುವ ಕುರ್ಚಿ ಹಾಕಿಕೊಂಡು ಹೊರಗೆ ಕುಡಿಯಿರಿ. ದಿನಾ ಬಿಚ್ಚಿ ಜೋಡಿಸುವ ತಲೆನೋವು ಬೇಡ.

ಮಗ ಗಟ್ಟಿಮುಟ್ಟಾಗಿದ್ದಾನೆ, ಎತ್ತಿ ಮೇಲೆ ಮಲಗಿಸ್ತೀನಿ ಅಂತಾನೆ. ಸರಿನಾ?

ಸರಿಯಲ್ಲ, ದಯವಿಟ್ಟು ಬೇಡ. ಕ್ಯಾಂಪರ್‌ನಲ್ಲಿ ಪ್ರೊಪೇನ್ ಗ್ಯಾಸ್ ಒಲೆ ಇದೆ, ಹೀಟರ್ ಇದೆ, ಬ್ಯಾಟರಿ ಇದೆ. ಹಾಸಿಗೆ ಮೇಲಿನ ಸೂರಿನ ಕಿಟಕಿಯನ್ನು ತುರ್ತು ದಾರಿ ಅಂತ ತೋರಿಸುತ್ತಾರೆ. ಮಂಡಿ ಮಡಿಸಲಾರದವರು ಅದರಲ್ಲಿ ತೂರಿ ಸೂರಿನ ಮೇಲೆ ಹೋಗಿ ಅಲ್ಲಿಂದ ಇಳಿಯುವುದು ಸಾಧ್ಯವಾ? ಹೊಗೆ ತುಂಬಿದಾಗ ಎತ್ತಿ ಇಳಿಸುವುದಕ್ಕೆ ಸಮಯವೂ ಇರುವುದಿಲ್ಲ, ಆ ಇಕ್ಕಟ್ಟಿನಲ್ಲಿ ಇಬ್ಬರು ನಿಲ್ಲುವ ಜಾಗವೂ ಇಲ್ಲ. ತಾವೇ ಇಳಿಯಲಾರದ ಜಾಗದಲ್ಲಿ ಯಾರನ್ನೂ ಮಲಗಿಸಬೇಡಿ. ಹೊಗೆ, ಕಾರ್ಬನ್ ಮೊನಾಕ್ಸೈಡ್, ಗ್ಯಾಸ್ ಮೂರಕ್ಕೂ ಅಲಾರಂ ಇದೆಯಾ, ಬಡಿಯುತ್ತದಾ ಅಂತ ಪ್ರತಿ ಟ್ರಿಪ್ ಮುಂಚೆ ಒತ್ತಿ ನೋಡಿ.

ಒಳಗಿನದು ಸರಿ, ಹೊರಗಿನ ಬಾಗಿಲು ಹತ್ತೋದು?

ಅದೂ ನೆಲದಿಂದ ಮೂರು ಅಡಿ ಆಸುಪಾಸು ಇರುತ್ತದೆ. ಕತ್ತರಿಯ ಹಾಗೆ ಮಡಚುವ ಮೆಟ್ಟಿಲುಗಳು ಬರುತ್ತವೆ. ಪಕ್ಕಕ್ಕೆ ಕಂಬಿ ಇರುವುದನ್ನೇ ತಗೊಳ್ಳಿ. ಕೊನೆಯ ಮೆಟ್ಟಿಲಿಗೂ ನೆಲಕ್ಕೂ ಅಂತರ ಜಾಸ್ತಿ ಇದ್ದರೆ ಅಗಲವಾದ ಒಂದು ಮಣೆ ಇಡಿ. ಕೈಯಲ್ಲಿ ತಟ್ಟೆ, ಪಾತ್ರೆ ಹಿಡಿದು ಹತ್ತಬೇಡಿ, ಹೊಸ್ತಿಲ ಮೇಲೆ ಇಟ್ಟು ಆಮೇಲೆ ಹತ್ತಿ.

ಅಷ್ಟು ಮೇಲೆ ಬೆಡ್‌ಶೀಟ್ ಹಾಸೋದು ಹೇಗೆ?

ಹಾಸುವುದಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಕೌದಿ, ಬೆಳಗ್ಗೆ ಕೊಡವಿ ಹಾಗೇ ಬಿಡುತ್ತೇವೆ. ಕೆಳಗಿನ ಶೀಟ್ ಒಮ್ಮೆ ಮನೆಯಲ್ಲಿ ಮಗಳ ಕೈಯಲ್ಲಿ ಹಾಕಿಸಿದರೆ ಟ್ರಿಪ್ ಮುಗಿಯುವವರೆಗೂ ಅದೇ.

ನ್ಯಾಷನಲ್ ಪಾರ್ಕ್‌ಗಳಲ್ಲಿ ಏನಾದರೂ ರಿಯಾಯಿತಿ ಇದೆಯಾ?

ಇದೆ. ಶಾಶ್ವತ ಅಂಗವೈಕಲ್ಯ ಇರುವ ಅಮೆರಿಕದ ನಾಗರಿಕರಿಗೆ ಮತ್ತು ಗ್ರೀನ್ ಕಾರ್ಡ್ ಇರುವವರಿಗೆ ಆ್ಯಕ್ಸೆಸ್ ಪಾಸ್ ಅಂತ ಒಂದು ಉಚಿತ ಪಾಸ್ ಕೊಡುತ್ತಾರೆ, ಜೀವನಪೂರ್ತಿ ನಡೆಯುತ್ತದೆ. ಅನೇಕ ಕಡೆ ಕ್ಯಾಂಪಿಂಗ್ ಶುಲ್ಕದಲ್ಲಿ ಅರ್ಧ ಕಡಿಮೆ ಆಗುತ್ತದೆ. 62 ತುಂಬಿದವರಿಗೆ ಸೀನಿಯರ್ ಪಾಸ್ ಬೇರೆ ಇದೆ, ಜೀವನಪೂರ್ತಿಯದಕ್ಕೆ 80 ಡಾಲರ್. ವಿಸಿಟರ್ ವೀಸಾದಲ್ಲಿ ಬಂದ ಅಪ್ಪ ಅಮ್ಮನಿಗೆ ಇವು ಸಿಗುವುದಿಲ್ಲ. ಕ್ಯಾಂಪ್‌ಗ್ರೌಂಡ್ ಬುಕ್ ಮಾಡುವಾಗ ಆ್ಯಕ್ಸೆಸಿಬಲ್ ಸೈಟ್ ಅಂತ ಕೆಲವು ಜಾಗ ಇರುತ್ತವೆ, ನೆಲ ಸಮ, ಶೌಚಾಲಯ ಹತ್ತಿರ. ಅವು ಅಗತ್ಯ ಇದ್ದವರಿಗೇ ಮೀಸಲು. ನಿಮಗೆ ಅಗತ್ಯ ಇದ್ದರೆ ಸಂಕೋಚ ಮಾಡದೆ ತಗೊಳ್ಳಿ.

ಎಷ್ಟು ಮಾಡಿದರೂ ಆಗುತ್ತಿಲ್ಲ. ಬಿಟ್ಟುಬಿಡಬೇಕಾ?

ಅಟ್ಟವನ್ನು ಬಿಡಿ, ತಿರುಗಾಟವನ್ನು ಯಾಕೆ ಬಿಡಬೇಕು? ಡೈನೆಟ್ ಮೇಲೆ ಒಬ್ಬರು, ಅಟ್ಟದಲ್ಲಿ ಒಬ್ಬರು ಮಲಗುವ ಗಂಡ ಹೆಂಡತಿ ಎಷ್ಟೋ ಜನ ಇದ್ದಾರೆ. ಹಾಸಿಗೆ ನೆಲಮಟ್ಟದಲ್ಲೇ ಇರುವ ಟ್ರೇಲರ್ ಅಥವಾ ವ್ಯಾನ್‌ಗೆ ಬದಲಾಯಿಸಬಹುದು. ಒರೆಗಾನ್ ರಾಜ್ಯದ ಪಾರ್ಕ್‌ಗಳಲ್ಲಿ ಯರ್ಟ್ ಅಂತ ದುಂಡನೆಯ ಗುಡಾರದ ಮನೆಗಳು ಬಾಡಿಗೆಗೆ ಇವೆ, ಮಂಚ ಒಳಗೇ ಇರುತ್ತದೆ. ಗಾಲಿಕುರ್ಚಿ ಹೋಗುವಂಥವೂ ಕೆಲವು ಇವೆ.

ಎಲ್ಲ ತಯಾರಿ ಆಯಿತು. ಮೊದಲ ಟ್ರಿಪ್ ಎಲ್ಲಿಗೆ?

ನಿಮ್ಮ ಮನೆ ಮುಂದಿನ ಡ್ರೈವ್‌ವೇಗೆ. ಗಾಡಿ ಅಲ್ಲೇ ನಿಲ್ಲಿಸಿ ಒಂದು ಪೂರ್ತಿ ರಾತ್ರಿ ಮಲಗಿ. ಹಗಲಲ್ಲಿ ಐದು ಸಲ ಹತ್ತಿ ಇಳಿಯಿರಿ. ರಾತ್ರಿ ದೀಪ ಆರಿಸಿ ಒಂದು ಸಲ, ಬರೀ ಟಾರ್ಚ್ ಹಿಡಿದು ಒಂದು ಸಲ. ಬೆಳಗಿನ ಜಾವ ಮೂರಕ್ಕೆ ಅಲಾರಂ ಇಟ್ಟು, ಯಾರ ಸಹಾಯವೂ ಇಲ್ಲದೆ ಕೆಳಗಿಳಿದು, ಬಾಗಿಲು ತೆಗೆದು, ಹೊರಗಿನ ನೆಲದ ಮೇಲೆ ಕಾಲಿಟ್ಟು ನೋಡಿ. ನನಗೆ ಮೊದಲ ಸಲ ನಾಲ್ಕು ನಿಮಿಷ ಹಿಡಿಯಿತು. ಹಿಡಿಕೆ ಇನ್ನೊಂದು ಗೇಣು ಕೆಳಗೆ ಬೇಕಿತ್ತು ಅಂತ ಗೊತ್ತಾಗಿದ್ದು ಆ ರಾತ್ರಿಯೇ. ಮಾರನೇ ದಿನ ಬಿಚ್ಚಿ ಹಾಕಿಸಿಕೊಂಡೆ, ಆ ಶನಿವಾರ ಹೊರಟೆವು.